ನಡೆಮಡಿ

ಕೆಂಡದ ಇಸ್ತ್ರಿಪೆಟ್ಟಿಗೆಯಡಿ ಒದ್ದೆ ಬಟ್ಟೆ ಚುರ್ ಎಂದಾಗ ಬಟ್ಟೆ ಒಗೆಯುವ ಸವಳುಮಣ್ಣು, ಹೊಗೆ, ಬೆಂದ ಬಟ್ಟೆಯ ವಾಸನೆ ಒಟ್ಟಿಗೆ ಎದ್ದಿತು. ಅಂಬಮ್ಮನ ಬಾಲ್ಯವೆಲ್ಲ ಇದೇ ವಾಸನೆ. ಮಸ್ಕಿ ಹಳ್ಳದ ದಂಡೆಯಲ್ಲಿ ಅಪ್ಪ ಊರಿನ ಬಟ್ಟೆ ಬೇಯಿಸುವಾಗ ಅಣ್ಣ ಗಾಳೆಪ್ಪ ಒಲೆಗೆ ಕಟ್ಟಿಗೆ ತಳ್ಳುತ್ತಲೇ ಪಾಠ ಓದುತ್ತಿದ್ದ. ಈಗ ಅವಳ ಕೈಯಲ್ಲಿದ್ದುದು ಅವನದೇ ನೀಲಿ ಸಮವಸ್ತ್ರ. ವಾಯುಪಡೆಯಲ್ಲಿ ಇಪ್ಪತ್ತೆಂಟು ವರ್ಷ ವಿಮಾನ ಹಾರಿಸಿದವನು, ರಷ್ಯಾದಲ್ಲಿ ಬಾಹ್ಯಾಕಾಶ ಯಾತ್ರೆಗೆ ತರಬೇತಿ ಪಡೆದವನು, ನಿನ್ನೆ ಸಂಜೆ ತಂಗಿಯ ಪಡಸಾಲೆಯಲ್ಲಿ ತೀರಿಕೊಂಡಿದ್ದ.

ಬೀದರದಿಂದ ಬಂದ ನಾಲ್ವರು ಯೋಧರು ಧ್ವಜ ಹಿಡಿದು ಅಂಗಳದಲ್ಲಿ ನಿಂತಿದ್ದರು. ಸೋದರತ್ತೆ ಮುದುಕಮ್ಮ ಅವರಿಗೆ ನೀರು ಕೊಟ್ಟು ಬಂದು ಹೆಣದ ಪಕ್ಕ ಕೂತಳು.

“ಚಂದ್ರನ ಮ್ಯಾಲಿಂದ ಒಂದು ಹರಳು ತಾರೋ ಅಂದಿದ್ದೆ. ರಷ್ಯಾದಿಂದ ಉಣ್ಣಿ ಟೊಪ್ಪಿಗಿ ತಂದ, ಈ ಬಿಸಿಲಿಗೆ. ಅವ ಬಂದಾಗೆಲ್ಲ ಅದನ್ನ ಹಾಕ್ಕೊಂಡು ಬೆವರತಿದ್ದೆ.”

ಅಂಬಮ್ಮ ಆರು ಬಿಳಿ ಧೋತರ ಬೇರೆ ತೆಗೆದಿಟ್ಟಳು. ಊರ ದೊಡ್ಡವರ ಮದುವೆಯಿರಲಿ, ಮಣ್ಣಿರಲಿ, ಮೆರವಣಿಗೆಯ ಕಾಲು ನೆಲಕ್ಕೆ ತಾಗದಂತೆ ಮಡಿಬಟ್ಟೆ ಹಾಸುವುದು ಅವರ ಮಡಿವಾಳ ಮನೆತನದ ಕೆಲಸ. ಅದೇ ನಡೆಮಡಿ.

“ಅಣ್ಣಗ ಹಾಸಬೇಕು, ಅತ್ತಿ.”

“ಊರಿಗೆ ಹಾಸೋರು ನಾವು. ನಮ್ಮ ಹೆಣಕ್ಕ ಯಾರು ಹಾಸ್ತಾರಬೇ?”

“ಯಾರೂ ಬರಲಿಲ್ಲಂದ್ರ ನಾನ ಹಾಸ್ತೀನಿ.”

“ಹೆಣದ ಮುಂದ ಹೆಂಗಸು ನಡ್ಯಾಕ ಬಿಡ್ತಾರೇನು?”

*

ಒಂಬತ್ತು ವರ್ಷದ ಹಿಂದೆ, ೧೯೮೫ರಲ್ಲಿ, ಊರ ಗೌಡರು ತೀರಿಕೊಂಡಾಗ ಅಪ್ಪ ಹಾಸಿಗೆ ಹಿಡಿದಿದ್ದ. ರಜೆಗೆ ಬಂದಿದ್ದ ಗಾಳೆಪ್ಪ ಪ್ಯಾಂಟು ಮಡಚಿಕೊಂಡು ಧೋತರಗಳನ್ನು ಹೆಗಲಿಗೇರಿಸಿದ. ಇಷ್ಟು ದೊಡ್ಡ ಅಧಿಕಾರಿಯಾಗಿ ಇದೇನೆಂದು ಅಂಬಮ್ಮ ಅಡ್ಡ ನಿಂತಳು.

ಹಿಂದಿನ ವರ್ಷ ಬಾಹ್ಯಾಕಾಶಕ್ಕೆ ಹೋದದ್ದು ಅವನ ಜೊತೆಗಾರ. ಇವನು ಅವನಷ್ಟೇ ಕಲಿತು, ಅವನಿಗಾಗದಿದ್ದರೆ ಇರಲೆಂದು ಬದಲಿಯಾಗಿ ಕೆಳಗೇ ಉಳಿದವನು. ಎಂಟು ದಿನ ಕಿವಿಗೆ ಯಂತ್ರ ಹಾಕಿಕೊಂಡು ಕೂತು, ಮೇಲಿದ್ದವನ ಉಸಿರು ಆಲಿಸಿದ್ದನಂತೆ.

“ಒಬ್ಬ ನಡೀಬೇಕಂದ್ರ ಒಬ್ಬ ಹಾಸಬೇಕು ತಂಗೀ,” ಎಂದಿದ್ದ. “ಅಲ್ಲೂ ನಾ ಅದನ್ನ ಮಾಡೀನಿ.”

ಗೌಡರ ಮಗ ಗೋಪಣ್ಣ ಅಂದು ಗಾಳೆಪ್ಪ ಹಾಸಿದ ಮಡಿಯ ಮೇಲೆ ತಂದೆಯ ಹೆಣದ ಹಿಂದೆ ನಡೆದಿದ್ದ.

*

ಹೆಣ ಎತ್ತಿದರು. ಅಂಬಮ್ಮ ಧೋತರಗಳನ್ನು ಎದೆಗವಚಿಕೊಂಡು ಓಣಿಗೆ ಇಳಿದಳು. ಹಿರಿಯರು ದಾರಿ ಬಿಡಲಿಲ್ಲ. ಬೈಯಲೂ ಇಲ್ಲ, ಅಡ್ಡ ನಿಂತರು. ಗುಂಪಿನ ಹಿಂದಿನಿಂದ ಗೋಪಣ್ಣ ಬಂದ. ಈಗ ಅವನೇ ಊರ ಗೌಡ. ಚಪ್ಪಲಿ ಬಿಟ್ಟು, ಅವಳ ಕೈಯಿಂದ ಧೋತರ ತೆಗೆದುಕೊಂಡು, ಬಾಗಿ ಮೊದಲನೆಯದನ್ನು ಹಾಸಿದ. ಸೊಟ್ಟಗೆ ಬಿತ್ತು.

“ಗೌಡ್ರ, ಅಂಚು ಹಿಡಿದು ಜಗ್ಗ್ರಿ,” ಎಂದಳು ಅಂಬಮ್ಮ.

ಅವನು ಜಗ್ಗಿ ಸರಿಮಾಡಿದ. ನಡೆದು ಮುಗಿದ ಧೋತರಗಳನ್ನು ಒಬ್ಬ ಯೋಧ ಹಿಂದಿನಿಂದ ಎತ್ತಿ ತಂದು, ಯಾರೂ ಹೇಳದೆಯೇ ಗೋಪಣ್ಣನ ಕೈಗೆ ಕೊಡುತ್ತ ಹೋದ. ಆರು ಧೋತರ ಹಳ್ಳದ ದಂಡೆಯವರೆಗೂ ಸಾಕಾದವು.

ಸಂಜೆ, ಒಲೆ ಹಚ್ಚದ ಮನೆಯ ಬಾಗಿಲಿಗೆ ಗೋಪಣ್ಣನ ಹೆಂಡತಿ ಶೇಖಮ್ಮ ಬಂದರು. ಹಿಂದೆ ಗೌಡರ ಹಿತ್ತಿಲಲ್ಲಿ ಅಂಬಮ್ಮ ಸೆರಗೊಡ್ಡಿದರೆ ರೊಟ್ಟಿ ಕೈ ತಾಗದಂತೆ ಮೇಲಿನಿಂದ ಬೀಳುತ್ತಿತ್ತು. ಶೇಖಮ್ಮ ಹೊಸ್ತಿಲು ದಾಟಿ ಒಳಗೆ ಬಂದು, ನೆಲದ ಮೇಲೆ ಅವಳ ಪಕ್ಕ ಕೂತರು. ಬಿಸಿ ರೊಟ್ಟಿಯ ಗಂಟನ್ನು ಅವಳ ಅಂಗೈಗಿಟ್ಟು, ತಮ್ಮ ಕೈಯನ್ನೂ ಸ್ವಲ್ಪ ಹೊತ್ತು ಅಲ್ಲೇ ಬಿಟ್ಟರು.