ಪಾಲಕರು ಮುಟ್ಟದ ಬಟ್ಟಲು

ನೆರೆಮನೆಯಾಕೆ ಕೈಗಿತ್ತ ಹಾಲಿಲ್ಲದ ಕಣ್ಣ ಚಾವನ್ನು ಕುಡಿಯದೆ ನೆಲದ ಮೇಲಿಟ್ಟು, ನೀಲಾವತಿ ಅಳುವವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಚಾವಡಿಯ ನಡುವೆ, ತೆರೆದ ಪೆಟ್ಟಿಗೆಯಲ್ಲಿ, ಅವಳ ಗಂಡ ಜಯಕರ ಪಾಲಕರು ಆರಾಧನೆಯ ಬಿಳಿ ನಿಲುವಂಗಿ ತೊಟ್ಟು ಮಲಗಿದ್ದರು. ವೇಣೂರು ರಸ್ತೆಯ ಬದಿಯ ಈ ಸಣ್ಣ ಕ್ರೈಸ್ತ ಸಭೆಯನ್ನು ಬಹುಕಾಲ ನಡೆಸಿದವರು. ಭಾನುವಾರದ ಆರಾಧನೆಯಲ್ಲಿ ಹೇಳುವ ಪ್ರಸಂಗ ಬರೆಯುತ್ತ ಕುಳಿತಲ್ಲೇ ಎದೆ ಹಿಡಿದುಕೊಂಡರು. ಮೂಡುಬಿದಿರೆಯ ಆಸ್ಪತ್ರೆ ಮುಟ್ಟುವಾಗ ಉಸಿರಿರಲಿಲ್ಲ.

ನೀಲಾವತಿಯ ಮಡಿಲಲ್ಲಿ ಒಂದು ಬಿಳಿ ವಸ್ತ್ರವಿತ್ತು. ಮುಚ್ಚಳ ಹಾಕುವ ಮುನ್ನ ಗಂಡನ ಮುಖಕ್ಕೆ ಅದನ್ನು ಹೊದಿಸುವುದು ಹೆಂಡತಿಯ ಪಾಲಿನ ಕೆಲಸ. ಅದಾದ ಮೇಲೆ ಆ ಮುಖ ಯಾರಿಗೂ ಕಾಣುವುದಿಲ್ಲ. ಅಷ್ಟರೊಳಗೆ ಅವಳಿಗೆ ಒಂದು ಸಂಗತಿ ತಿಳಿಯಬೇಕಿತ್ತು. ಈ ಮನುಷ್ಯ ಯಾರಿಗೆ, ಏನು ಅನ್ಯಾಯ ಮಾಡಿದ್ದರು?

ಹಾರ್ಮೋನಿಯಂ ನುಡಿಸುವ ಸಜ್ನಾ ಮೂಲೆಯಲ್ಲಿ ಬಿಕ್ಕುತ್ತಿದ್ದಳು. ಗಂಡನಿಲ್ಲದವಳು, ಬೆಳ್ತಂಗಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಮಗಳು ಸುರಕ್ಷಾಳೇ ಇಷ್ಟು ಅಳುತ್ತಿಲ್ಲವಲ್ಲ, ಇವಳಿಗೇಕೆ ಇಷ್ಟೊಂದು ಕಣ್ಣೀರು ಎಂದುಕೊಂಡಳು ನೀಲಾವತಿ. ಹಾಗೆಂದುಕೊಂಡದ್ದು ಅದೇ ಮೊದಲಲ್ಲ.

*

ಕರ್ತನ ಭೋಜನದ ಭಾನುವಾರ ಆ ಸಭೆಗೆ ಒಂದು ಕ್ರಮವಿತ್ತು. ರೊಟ್ಟಿ, ದ್ರಾಕ್ಷಾರಸ ಹಂಚುವ ಮೊದಲು ಪಾಲಕರು ಮೇಜಿನ ಮುಂದೆ ನಿಂತು, ಯಾರಿಗಾದರೂ ಅನ್ಯಾಯ ಮಾಡಿ ಸರಿಪಡಿಸದೆ ಬಂದವರು ಇದ್ದಲ್ಲೇ ಕೂತಿರಲಿ ಎಂದು ಕೇಳಿಕೊಳ್ಳುವರು. ಮೇಜಿನ ಬಳಿಗೆ ಎದ್ದು ಹೋಗದೆ ಕೂತೇ ಉಳಿದವರನ್ನು ಇಡೀ ಸಭೆ ನೋಡುವುದು. ಆ ಭಯಕ್ಕೇ ಎಷ್ಟೋ ಬೇಲಿ ಜಗಳಗಳು ಶನಿವಾರ ಸಂಜೆಯೇ ಮುಗಿದುಹೋಗುತ್ತಿದ್ದವು.

ದ್ರಾಕ್ಷಾರಸದ ಪುಟ್ಟ ಗಾಜಿನ ಬಟ್ಟಲುಗಳನ್ನು ತೊಳೆಯುವುದು ನೀಲಾವತಿ. ಒಂದು ಭಾನುವಾರ ಪಾಲಕರ ಬಟ್ಟಲು ತುಂಬಿದ ಹಾಗೆಯೇ ಕೈಗೆ ಬಂತು. ಮರೆತಿರಬೇಕು ಎಂದುಕೊಂಡಳು. ಮುಂದಿನ ಸಲವೂ ಹಾಗೆಯೇ. ಅದರ ಮುಂದಿನ ಸಲ ಹಿಂದಿನ ಬೆಂಚಿನಿಂದ ಕಣ್ಣಿಟ್ಟು ನೋಡಿದಳು. ಅವರು ಬಟ್ಟಲನ್ನು ತುಟಿಯವರೆಗೆ ಒಯ್ದು, ಹನಿಯೂ ಮುಟ್ಟದೆ ಕೆಳಗಿಟ್ಟು, ಇತರರಿಗೆ ಹಂಚತೊಡಗಿದರು.

ಮನೆಗೆ ಬಂದು ಕೇಳಿದ್ದಕ್ಕೆ, "ಗಂಟಲಿಗೆ ಇಳಿಯುವುದಿಲ್ಲ ಮಾರಾಯ್ತಿ" ಎಂದರು. ಅದೇ ಗಂಟಲಿಗೆ ಮಧ್ಯಾಹ್ನ ಕೋಳಿ ಪದಾರ್ಥ ಸಲೀಸಾಗಿ ಇಳಿಯಿತು. ಉಂಡವರೇ ಸ್ಕೂಟರ್ ಹತ್ತಿ ಗುರುವಾಯನಕೆರೆಯ ಕಡೆ ಹೊರಟರು. ಎಲ್ಲಿಗೆ ಎಂದರೆ, ಭೇಟಿ ಉಂಟು ಎಂದರು. ಭೋಜನದ ಭಾನುವಾರವೆಲ್ಲ ಹೀಗೇ. ಸಜ್ನಾಳ ಮನೆ ಆ ದಾರಿಯಲ್ಲೇ ಇತ್ತು. ನೀಲಾವತಿ ಮತ್ತೆ ಕೇಳಲಿಲ್ಲ. ಕೇಳದವಳ ಮನಸ್ಸಿನಲ್ಲಿ ಸಂಶಯ ಒದ್ದೆ ಗೋಡೆಯ ಬೂಸಲಿನ ಹಾಗೆ ಹಬ್ಬಿಕೊಂಡಿತು.

*

ಹಿರಿಯ ಅಮೋಸಣ್ಣ ಸಭೆಯವರನ್ನು ಕೂಡಿಸಿಕೊಂಡು ಕೀರ್ತನೆ ಹೇಳಿಸತೊಡಗಿದ್ದರು. ನೀಲಾವತಿ ಎದ್ದು ಹೋಗಿ ಸಜ್ನಾಳ ಪಕ್ಕ ಕೂತಳು.

"ತುಂಬ ಅಳ್ತಿದ್ದೀ."

"ಪಾಪ ಕಾಣ್ತದೆ ಅಕ್ಕ." ಸಜ್ನಾ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನೀವು ಇನ್ನಾದರೂ ಕ್ಷಮಿಸಿಬಿಡಿ ಅವರನ್ನು" ಎಂದಳು.

"ನಾನು? ಯಾತಕ್ಕೆ?"

"ಹಾರ್ಮೋನಿಯಂ ಹತ್ತಿರ ಕೂತವಳಿಗೆ ಮೇಜು ಕಾಣ್ತದಲ್ಲ. ಅವರು ಕುಡಿಯುವುದಿಲ್ಲ ಅಂತ ನನಗೆ ಗೊತ್ತುಂಟು. ನಿಮ್ಮಿಬ್ಬರ ಒಳಗೆ ಏನೋ ದೊಡ್ಡ ಜಗಳ ಉಂಟು, ನೀವು ಬಿಟ್ಟುಕೊಡುವುದಿಲ್ಲ ಅಂತ ನಾನು ಎಣಿಸಿದ್ದು."

ಇಷ್ಟು ವರ್ಷ ತಾನು ಇವಳನ್ನು ನೋಡುತ್ತಿದ್ದ ಹಾಗೆಯೇ ಇವಳೂ ತನ್ನನ್ನು ನೋಡುತ್ತಿದ್ದಳು. ಸತ್ತ ಮನೆಯಲ್ಲಿ ಅಲ್ಲದಿದ್ದರೆ ನೀಲಾವತಿ ನಕ್ಕುಬಿಡುತ್ತಿದ್ದಳೋ ಏನೋ. ಹಾಗಾದರೆ ಸ್ಕೂಟರ್ ಎಲ್ಲಿಗೆ ಹೋಗುತ್ತಿತ್ತು ಎಂದು ನೇರವಾಗಿಯೇ ಕೇಳಿದಳು. ಸಜ್ನಾ ಗಲ್ಲ ಎತ್ತಿ ಅಂಗಳದಲ್ಲಿ ನಿಂತಿದ್ದ ಮುಂಡಪ್ಪನ ಕಡೆ ತೋರಿಸಿದಳು. ಅವನ ಮನೆಯ ಮುಂದೆ ಸ್ಕೂಟರ್ ನಿಂತದ್ದನ್ನು ಬಸ್ಸಿನಿಂದ ಎಷ್ಟೋ ಸಲ ಕಂಡಿದ್ದಳಂತೆ.

ಅಂಗಳದಲ್ಲಿ ಹಾಕಿದ್ದ ಶಾಮಿಯಾನ ಮುಂಡಪ್ಪನದೇ. ಬೆಳಿಗ್ಗೆ ಬಂದು ಕಂಬ ನೆಟ್ಟವನು ಒಳಗೂ ಬಾರದೆ ಮನೆಗೂ ಹೋಗದೆ ಹೊರಗೇ ಉಳಿದಿದ್ದ. ಒಂದು ಕಾಲಕ್ಕೆ ಸಭೆಯ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವನು. ಊರಿನ ಹಳೆಯ ಜಮೀನ್ದಾರರ ಗುತ್ತಿನ ಮನೆಯಲ್ಲಿ ದೈವಾರಾಧನೆಯ ಕೋಲಕ್ಕೆ ಶಾಮಿಯಾನ ಹಾಕಲು ಹೋದಾಗ ಯಾರೋ ಅವನ ಫೋಟೋ ತೆಗೆದರು. ದೈವದ ಮುಂದೆ ತಲೆ ಬಗ್ಗಿಸಿ, ಗಂಧಪ್ರಸಾದಕ್ಕೆ ಕೈ ಒಡ್ಡಿ ನಿಂತ ಫೋಟೋ ಸಭೆಯ ವಾಟ್ಸಾಪ್ ಗುಂಪಿಗೆ ಬಂತು. ಕೊಟ್ಟಾಗ ಕೈಗೆ ತೆಗೆದುಕೊಂಡೆ, ಹಚ್ಚಿಕೊಳ್ಳಲಿಲ್ಲ ಎಂದು ಮುಂಡಪ್ಪ ಹೇಳಿದ. ಪಾಲಕರು ನಂಬದೆ, ಬೇರೆ ದೈವಕ್ಕೆ ಬಗ್ಗಿದವನೆಂದು ಅವನನ್ನು ಕರ್ತನ ಭೋಜನದ ಮೇಜಿನಿಂದ ಹೊರಗಿಟ್ಟರು. ಅವನು ಸಭೆಗೆ ಬರುವುದನ್ನೇ ಬಿಟ್ಟ.

ವಸ್ತ್ರವನ್ನು ಕೈಯಲ್ಲಿ ಹಿಡಿದೇ ನೀಲಾವತಿ ಅಂಗಳಕ್ಕೆ ಇಳಿದಳು.

"ಅವರು ನಿಮ್ಮಲ್ಲಿಗೆ ಯಾಕೆ ಬರ್ತಿದ್ದದ್ದು, ಮುಂಡಪ್ಪಣ್ಣ?"

ಮುಂಡಪ್ಪ ಸಡಿಲವಾಗದ ಹಗ್ಗವನ್ನು ಬಿಗಿ ಮಾಡಿದ. "ಮೇಜಿಗೆ ಬಾ ಅಂತ ಕರೀಲಿಕ್ಕೆ. ಆ ಪ್ರಸಾದವನ್ನು ನಾನು ಪಕ್ಕದವನ ಕೈಗೆ ದಾಟಿಸಿದ್ದು ಅಂತ ಗುತ್ತಿನ ಯಜಮಾನರೇ ಅವರಿಗೆ ಹೇಳಿದರಂತೆ. ಮಾರನೇ ದಿನವೇ ಬಂದರು. ನನ್ನಿಂದ ತಪ್ಪಾಯ್ತು ಅಂದರು."

"ಅಂದ ಮೇಲೆ ಮುಗೀಲಿಲ್ವಾ?"

"ನನ್ನ ಅಂಗಳದಲ್ಲಿ ಅಂದದ್ದು. ಹೊರಗೆ ಹಾಕಿದ್ದು ಎಲ್ಲರ ಎದುರು. ಎಲ್ಲರ ಎದುರು ಹೇಳಿ, ಬರ್ತೇನೆ ಅಂದೆ. ಪಾಲಕನೇ ತಪ್ಪಿದೆ ಅಂದರೆ ನಾಳೆ ಅವನ ಮಾತು ಯಾರು ಕೇಳ್ತಾರೆ ಅಂದರು. ಹಾಗಾದರೆ ಬರುವುದಿಲ್ಲ ಅಂದೆ. ನೀನು ಕುಡಿಯುವವರೆಗೆ ನಾನೂ ಕುಡಿಯುವುದಿಲ್ಲ ಅಂದರು. ನಿಮ್ಮಿಷ್ಟ ಅಂದೆ."

ನೀಲಾವತಿ ಅವನ ಮುಖವನ್ನೇ ನೋಡಿದಳು. ವರ್ಷಗಟ್ಟಲೆ ಸಂಶಯಪಟ್ಟ ಮನಸ್ಸು ಸುಲಭಕ್ಕೆ ಬಗ್ಗಲಿಲ್ಲ. "ಸತ್ತವರು ಎದ್ದು ಬಂದು ಅಲ್ಲ ಅನ್ನುವುದಿಲ್ಲ ಅಂತ ಹೇಳ್ತಿದ್ದೀರಾ?"

"ನಂಬುವುದು ಬೇಡ ಅಕ್ಕ. ನನ್ನನ್ನು ನಂಬದವರಲ್ಲಿ ಒಬ್ಬರು ಹೆಚ್ಚಾದರೆ ನನಗೆ ನಷ್ಟ ಇಲ್ಲ." ಅವನ ಧ್ವನಿ ಕುಗ್ಗಿತು. "ಕಳೆದ ಸಲ ಬಂದಾಗ ಕೂತುಕೊಳ್ಳಿ ಅಂತಲೂ ನಾನು ಹೇಳಲಿಲ್ಲ. ಬಿಸಿಲಲ್ಲೇ ನಿಂತಿದ್ದರು."

ಆ ಭಾನುವಾರ ಕೆಂಪಾದ ಮುಖದಲ್ಲಿ ಮನೆಗೆ ಬಂದು ಒಂದು ತಂಬಿಗೆ ನೀರು ಗಟಗಟನೆ ಕುಡಿದವರಿಗೆ ತಾನು ಬೆನ್ನು ತಿರುಗಿಸಿ ಮಲಗಿದ್ದು ನೀಲಾವತಿಗೆ ನೆನಪಾಯಿತು.

ಒಳಗೆ ಹಾಡು ನಿಂತಿತು. ಅಮೋಸಣ್ಣ ಹೊಸ್ತಿಲಿಗೆ ಬಂದು, ಹೊತ್ತಾಯಿತು, ವಸ್ತ್ರ ಹೊದಿಸುವ ಎಂದರು. ನೀಲಾವತಿ ಪೆಟ್ಟಿಗೆಯ ಬಳಿ ನಿಂತಳು. ಗಂಡನ ಬದುಕಿನಲ್ಲಿ ಬೇರೆ ಹೆಂಗಸಿರಲಿಲ್ಲ. ಸಮಾಧಾನವಾಗಬೇಕಿತ್ತು, ಬಂದದ್ದು ಸಿಟ್ಟು. ಇಷ್ಟು ಕಾಲ ಉಪವಾಸ ಇರಲು ಆಯಿತು, ಒಂದು ಮಾತು ಹೇಳಲು ಆಗಲಿಲ್ಲ. ಸುಮ್ಮನಿದ್ದರೆ ಗಂಡನ ಹೆಸರು ಇಂದು ಮಲ್ಲಿಗೆಯ ಹಾಗೆ ಕಲೆಯಿಲ್ಲದೆ ಮಣ್ಣಿಗೆ ಹೋಗುತ್ತದೆ. ಮಾತಾಡಿದರೆ ಇಡೀ ಸಭೆ ಅದನ್ನು ಮನೆಮನೆಗೆ ಒಯ್ಯುತ್ತದೆ.

"ಪೆಟ್ಟಿಗೆಗೆ ಮುಂಡಪ್ಪಣ್ಣನೂ ಹೆಗಲು ಕೊಡಲಿ" ಎಂದಳು.

ಅಮೋಸಣ್ಣ ಅವಳಿಗಷ್ಟೇ ಕೇಳುವ ಹಾಗೆ ಹೇಳಿದರು. "ಮೇಜಿಗೆ ಬರುವವರೇ ಹೊರುವುದು ಕ್ರಮ ಅಕ್ಕ. ಪಾಲಕರೇ ಮಾಡಿದ ಕ್ರಮ."

"ಪಾಲಕರೂ ಕುಡೀತಿರಲಿಲ್ಲ ಅಮೋಸಣ್ಣ. ಬಟ್ಟಲು ತೊಳೆದವಳು ನಾನು." ಅವಳು ಧ್ವನಿ ತಗ್ಗಿಸಲಿಲ್ಲ. "ಮುಂಡಪ್ಪಣ್ಣ ತಪ್ಪು ಮಾಡಿರಲಿಲ್ಲ. ತಪ್ಪಿದ್ದು ಇವರು. ಅದು ಇವರಿಗೆ ಗೊತ್ತಿತ್ತು, ನಿಮ್ಮೆದುರು ಹೇಳುವ ಧೈರ್ಯ ಇರಲಿಲ್ಲ. ಈಗ ನಾನು ಹೇಳ್ತಿದ್ದೇನೆ."

ಸುರಕ್ಷಾ ತಾಯಿಯ ಮೊಣಕೈ ಹಿಡಿದುಕೊಂಡಳು. ತಡೆಯಲೆಂದೋ, ಆಧಾರಕ್ಕೆಂದೋ ತಿಳಿಯಲಿಲ್ಲ. ನೀಲಾವತಿ ಬಗ್ಗಿ ಗಂಡನ ಹಣೆಯನ್ನು ಅಂಗೈಯಿಂದ ಒಮ್ಮೆ ಸವರಿ, ವಸ್ತ್ರ ಹೊದಿಸಿದಳು.

ಮುಂಡಪ್ಪ ಬಾಗಿಲಲ್ಲಿ ತುಂಬ ಹೊತ್ತು ನಿಂತ. ಆಮೇಲೆ ಚಪ್ಪಲಿ ಕಳಚಿ ಒಳಗೆ ಬಂದು, ಯಾರ ಮುಖವನ್ನೂ ನೋಡದೆ, ಪೆಟ್ಟಿಗೆಯ ಮುಂದಿನ ಮೂಲೆಗೆ ಹೆಗಲಿಟ್ಟ. ಅವನ ಜೊತೆ ಇನ್ನೊಂದು ಮೂಲೆಗೆ ಅಮೋಸಣ್ಣ.

ಅಂಗಳಕ್ಕೆ ಇಳಿಯುವಾಗ ಪೆಟ್ಟಿಗೆ ಒಂದು ಪಕ್ಕಕ್ಕೆ ವಾಲಿತು. ಮುಂಡಪ್ಪ ಗಿಡ್ಡ, ಅಮೋಸಣ್ಣ ಆಳೆತ್ತರಕ್ಕೂ ಮೀರಿದವರು. ಹಿಂದಿನವರು ನಿಂತರು. ಅಮೋಸಣ್ಣ ಒಮ್ಮೆ ಪಕ್ಕಕ್ಕೆ ನೋಡಿದರು, ಆಮೇಲೆ ಮೊಣಕಾಲು ಬಗ್ಗಿಸಿ ಹೆಗಲನ್ನು ಮುಂಡಪ್ಪನ ಹೆಗಲಿನ ಮಟ್ಟಕ್ಕೆ ಇಳಿಸಿದರು. ಪೆಟ್ಟಿಗೆ ಸಮವಾಯಿತು. ಸಮಾಧಿಯ ತೋಟದವರೆಗೂ ಅವರು ಹಾಗೆಯೇ, ಅರ್ಧ ಮಂಡಿಯೂರಿದ ನಡಿಗೆಯಲ್ಲೇ ನಡೆದರು.