ಸೂಗಪ್ಪನವರ ಪ್ಲೇಯರಿಗೆ ಹತ್ತದ ಹಾಡು

ಕೂಕಟ್‌ಪಲ್ಲಿಯ ಆ ಮನೆಯ ಮೇಲಂತಸ್ತಿಗೆ ಗಾನವಿ ಬಾಡಿಗೆಗೆ ಬಂದು ಎಂಟು ತಿಂಗಳಾಗಿತ್ತು. ಕೆಳಗೆ ಮನೆಯ ಯಜಮಾನರಾದ ಸೂಗಪ್ಪ ಮತ್ತು ಅವರ ಹೆಂಡತಿ ಶಿವದೇವಿ ಇದ್ದರು. ಹುಮನಾಬಾದಿನ ಕಡೆಯವರು. ಮೂವತ್ತು ವರ್ಷ ಬೇಗಂಬಜಾರಿನಲ್ಲಿ ಬೇಳೆಕಾಳಿನ ವ್ಯಾಪಾರ ಮಾಡಿ, ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಆರಾಮವಾಗಿದ್ದರು. ಮೈಸೂರಿನ ಗಾನವಿಗೆ ಮೊದಮೊದಲು ಅವರ ಕನ್ನಡ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಊಹೆ.

ಒಂದು ಭಾನುವಾರ ಬೆಳಿಗ್ಗೆ ಸೂಗಪ್ಪ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಅಂಗೈಯಗಲದ ಹಳೇ ಮ್ಯೂಸಿಕ್ ಪ್ಲೇಯರು. ನಡುವೆ ದುಂಡನೆಯ ಚಕ್ರ, ಬೆನ್ನಿನ ತುಂಬ ಗೀರು.

"ಗಾನವಿ, ನೀ ಕಂಪ್ಯೂಟರ್‌ನಾಗ ಇದ್ದಿ ಅಲ್ಲ? ಇದೊಂದಿಷ್ಟು ನೋಡವಾ. ಹಾಡು ಹತ್ತವಲ್ವು."

"ಅಂಕಲ್, ನಾನು ಟೆಸ್ಟಿಂಗ್‌ನಲ್ಲಿರೋದು. ತಪ್ಪು ಹುಡುಕೋದಷ್ಟೇ ನನ್ನ ಕೆಲಸ, ರಿಪೇರಿ ಮಾಡೋದು ಬೇರೆಯವರು."

"ಮತ್ತ? ತಪ್ಪು ಹುಡುಕು, ಅಷ್ಟ ಸಾಕು!"

ಗಾನವಿ ಪ್ಲೇಯರನ್ನು ಕೈಗೆ ತೆಗೆದುಕೊಂಡಳು. ನಿಜ ಹೇಳಬೇಕೆಂದರೆ ಆ ವಾರ ಅವಳ ಮನಸ್ಸೂ ಸರಿಯಿರಲಿಲ್ಲ. ಕಷ್ಟಪಟ್ಟು ಹುಡುಕಿ ಕೊಟ್ಟ ಆರು ತಪ್ಪುಗಳಲ್ಲಿ ನಾಲ್ಕನ್ನು ಆಫೀಸಿನವರು 'ನಮ್ಮಲ್ಲಿ ಕಾಣಿಸುತ್ತಿಲ್ಲ' ಎಂದು ತಳ್ಳಿಹಾಕಿದ್ದರು.

ಪ್ಲೇಯರಿನ ಕಥೆ ಇಷ್ಟು. ಮಗಳು ಸುವರ್ಣಾ ಹದಿನೈದು ವರ್ಷದ ಕೆಳಗೆ ತನ್ನ ಮೊದಲ ಸಂಬಳದಲ್ಲಿ ಅಪ್ಪನಿಗೆ ಕೊಡಿಸಿದ್ದು. ದಿನಾ ವಾಕಿಂಗಿಗೆ ಅದೇ ಬೇಕು. ಫೋನ್ ಒಯ್ದರೆ ನೆಂಟರಿಷ್ಟರ ಕರೆ ತಪ್ಪುವುದಿಲ್ಲ. ಹೋದ ತಿಂಗಳು ಬೀಗರಾದ ಹಣಮಂತರಾಯರು ಅದನ್ನು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದಾಗ 'ಹಳೆಯದನ್ನು ತೆಗೆದು ಹೊಸದು ತುಂಬಲೇ' ಎಂದು ಅದು ಕೇಳಿತಂತೆ. ಅವರು ದೊಡ್ಡ ಮನಸ್ಸಿನಿಂದ ಹೂಂ ಅಂದುಬಿಟ್ಟರು. ಇದ್ದ ಹಾಡೆಲ್ಲ ಹೋದವು. ಆಮೇಲೆ ಮೂಲೆಯ ಮೊಬೈಲ್ ಅಂಗಡಿಯವನು ಸೂಗಪ್ಪನವರ ಫೋನಿನಲ್ಲಿದ್ದುದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದ. ವಚನ, ತತ್ವಪದ, ಗಜಲು, ಹಳೇ ಸಿನಿಮಾ ಹಾಡು ಎಲ್ಲ ಸೇರಿ ಇನ್ನೂರಾ ಹನ್ನೆರಡು. ಆದರೆ ಪ್ಲೇಯರು ಒಂದನ್ನೂ ಉಳಿಸಿಕೊಳ್ಳುತ್ತಿರಲಿಲ್ಲ.

ಗಾನವಿ ಮೊದಲು ಕೇಬಲ್ ನೋಡಿದಳು. ಅದು ಚಾರ್ಜ್ ಮಾಡುತ್ತಿತ್ತೇ ಹೊರತು ಹಾಡು ದಾಟಿಸುತ್ತಿರಲಿಲ್ಲ. ಸೂಗಪ್ಪ ಕೆಳಗೋಡಿ ಮಗಳ ಪೆಟ್ಟಿಗೆಯಿಂದ ಮೂಲ ಕೇಬಲ್ ಹುಡುಕಿ ತಂದರು. ಈಗ ಲ್ಯಾಪ್‌ಟಾಪಿಗೆ ಪ್ಲೇಯರು ಕಾಣಿಸಿತು. ಹಾಡು ತುಂಬುವ ಸಿಂಕ್ ಶುರುವಾಯಿತು, ಪರದೆಯ ಪಟ್ಟಿ ಮುಕ್ಕಾಲಿಗೆ ಬಂತು, ನಿಂತಿತು. ಕೇಬಲ್ ಬಿಚ್ಚಿ ನೋಡಿದರೆ ಪ್ಲೇಯರು ಮತ್ತೆ ಖಾಲಿ.

"ಹಿಂಗ ಮಾಡ್ತದ ನೋಡು ಪಾಪಿ," ಎಂದರು ಸೂಗಪ್ಪ.

"ಇರಿ ಅಂಕಲ್. ಇದರಲ್ಲಿ ಯಾವುದೋ ಒಂದು ಹಾಡು ಕೆಟ್ಟಿದೆ. ಅದು ಉಳಿದ ಎಲ್ಲವನ್ನೂ ತಡೀತಿದೆ."

ಹಾಡುಗಳನ್ನು ಎರಡು ಪಾಲು ಮಾಡಿದಳು. ಮೊದಲ ನೂರಾ ಆರು ಸಲೀಸಾಗಿ ಹತ್ತಿದವು. ಉಳಿದದ್ದನ್ನು ಮತ್ತೆ ಎರಡು ಪಾಲು, ಅದನ್ನೂ ಎರಡು ಪಾಲು. ಓಣಿ ಓಣಿ ಸೋಸಿ ಕಳ್ಳನನ್ನು ಹಿಡಿಯುವ ಹಾಗೆ. ಮೊದಮೊದಲು ಸೂಗಪ್ಪ ಪಕ್ಕದಲ್ಲೇ ಕೂತು ಹುರುಪಿನಿಂದ ಎಣಿಸುತ್ತಿದ್ದರು. ಏಳೇ ಹಾಡು ಉಳಿದಾಗ ಪಟ್ಟಿಯ ಮೇಲೆ ಕಣ್ಣಾಡಿಸಿ ಯಾಕೋ ಮೆತ್ತಗಾದರು.

"ಸಾಕು ಬಿಡವಾ. ಆ ಏಳು ಇರದಿದ್ರೂ ನಡೀತದ."

ಅಷ್ಟು ಹತ್ತಿರ ಬಂದು ಬಿಡುವವಳೇ ಗಾನವಿ? ಎರಡೇ ನಿಮಿಷದಲ್ಲಿ ಕಳ್ಳ ಸಿಕ್ಕಿಬಿದ್ದ. ಅದು ಹಾಡಾಗಿರಲಿಲ್ಲ, ಫೋನಿನಲ್ಲಿ ಮಾಡಿದ ನಲವತ್ತು ನಿಮಿಷದ ರೆಕಾರ್ಡಿಂಗ್. ಹೆಸರು: 'ಪುರಾವೆ'.

"ಇದೇನು ಅಂಕಲ್?"

ಸೂಗಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಿಮ್ಮ ಆಂಟಿ ಗೊರಕಿ ಅದು. ಮೂವತ್ತೆಂಟು ವರ್ಷ ಆತು, ನಾ ಹೊಡಿಯಂಗಿಲ್ಲ ಅಂತ ವಾದ ಮಾಡ್ತಾಳ. ಅದಕ್ಕ ಒಂದಿನ ಫೋನ್ ದಿಂಬಿನ ಬಾಜೂಕ ಇಟ್ಟು ಚಾಲೂ ಮಾಡಿ ಮಲಗಿದೆ. ನಡುವ ಬ್ಯಾಟರಿ ಹೋತು. ಅವತ್ತಿನಿಂದ ಫೋನ್‌ನಾಗ ಅದು ತೆರಿಯಂಗೇ ಇಲ್ಲ."

ತಪ್ಪು ಅಲ್ಲೇ ಇತ್ತು. ರೆಕಾರ್ಡಿಂಗ್ ಅರ್ಧಕ್ಕೆ ಕಡಿದು ಅದರ ಬಾಲ ಕೆಟ್ಟಿತ್ತು. ಲ್ಯಾಪ್‌ಟಾಪಿನಲ್ಲಿ ಬೇರೆ ದಾರಿಯಿಂದ ತೆರೆಯಬಹುದೆಂದು ಗಾನವಿ ಹೇಳುತ್ತಿರುವಾಗಲೇ ಶಿವದೇವಿ ರೊಟ್ಟಿ, ಎಣ್ಣೆಗಾಯಿಯ ತಟ್ಟೆ ಹಿಡಿದು ಒಳಗೆ ಬಂದರು.

"ಏನ್ ತೆರಿಯಾಕತ್ತೀರಿ?"

ಸೂಗಪ್ಪ ಪರದೆಯನ್ನು ಗೋಡೆಯ ಕಡೆ ತಿರುಗಿಸಲು ಹೋದರು. ಅಷ್ಟೇ ಸಾಕಾಯಿತು ಶಿವದೇವಿಗೆ. ತಟ್ಟೆ ಕೆಳಗಿಟ್ಟು ಪರದೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿದರು. ಸೂಗಪ್ಪ ಕಡೆಗೆ ಎಲ್ಲ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಧೈರ್ಯವೂ ಬಂತು.

"ಹಚ್ಚವಾ ಗಾನವಿ! ಇವತ್ತ ಫೈಸಲಾ ಆಗ್ಲಿ."

"ಹಚ್ಚು," ಎಂದರು ಶಿವದೇವಿಯೂ, ಸೆರಗು ಸಿಕ್ಕಿಸಿ ಕುರ್ಚಿ ಎಳೆದುಕೊಂಡು.

ಮನೆಯ ಯಜಮಾನರ ಸಂಸಾರದ ನಡುವೆ ಬಾಡಿಗೆಯವಳು ಬಾಯಿ ಹಾಕಬಾರದೆಂದು ಅಮ್ಮ ಊರಿಂದ ಹೊರಡುವಾಗಲೇ ಹೇಳಿದ್ದಳು. ಆದರೆ ಗಾನವಿಗೂ ಕೇಳದೆ ಇರಲಾಗಲಿಲ್ಲ. ಒತ್ತಿದಳು.

ಮೊದಲು ಫ್ಯಾನಿನ ಸದ್ದು. ಆಮೇಲೆ ಗೊರಕೆ. ಅದೂ ಎಂಥದ್ದು! ಗಿರಣಿಗೆ ಜೋಳ ಹಾಕಿದಂತೆ ಗರಗರ ಎಂದು ಶುರುವಾಗಿ, ಕೊನೆಗೆ ಸೀಟಿ ಹೊಡೆದು ನಿಲ್ಲುತ್ತಿತ್ತು. ಸೂಗಪ್ಪ ತೊಡೆ ತಟ್ಟಿಕೊಂಡರು. "ಕೇಳಿದೇನು? ಕೇಳಿದೇನು?"

ಶಿವದೇವಿಯ ಮುಖ ಸಣ್ಣದಾಯಿತು. ಗಾನವಿಗೆ ಪಾಪ ಅನ್ನಿಸಿ ನಿಲ್ಲಿಸಲು ಬೆರಳು ಚಾಚಿದಳು. ಅಷ್ಟರಲ್ಲಿ ಗೊರಕೆಯ ನಡುವೆಯೇ, ಗೊರಕೆ ಒಂಚೂರೂ ನಿಲ್ಲದೆ, ಹೆಣ್ಣುದನಿಯೊಂದು ಸ್ಪಷ್ಟವಾಗಿ ಕೇಳಿಸಿತು:

"ರೀ... ಏನ್ರೀ... ಅತ್ತಾಗ ಹೊಳ್ಳಿ ಮಲಕೋರಿ. ಓಣಿ ಮಂದಿ ಎದ್ದಾರು."

ರೆಕಾರ್ಡಿಂಗಿನಲ್ಲಿ ಮಂಚ ಕಿರುಗುಟ್ಟಿತು, ಗಂಡುದನಿಯೊಂದು 'ಹೂಂ' ಎಂದಿತು, ಗೊರಕೆ ಇನ್ನೊಂದು ರಾಗದಲ್ಲಿ ಮತ್ತೆ ಹತ್ತಿತು.

ಮೊದಲು ನಕ್ಕವರು ಶಿವದೇವಿ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು ಸೆರಗಿನಿಂದ ಒರೆಸಿಕೊಂಡರು. ಗಾನವಿ ಗೋಡೆಗೆ ಒರಗಿ ನಕ್ಕಳು. ಸೂಗಪ್ಪ ಒಂದು ಕ್ಷಣ ಪರದೆಯನ್ನೇ ದಿಟ್ಟಿಸಿದರು. ಬಳಿಕ ಅವರ ಹೊಟ್ಟೆಯೂ ಕುಲುಕತೊಡಗಿತು.

"ಅಳಸಿಬಿಡವಾ ಇದನ್ನ," ಎಂದರು ಕಡೆಗೆ.

"ಅಳಸಿದ್ರ ನೋಡು!" ಶಿವದೇವಿ ಎದ್ದು ನಿಂತರು. "ಮೊದಲ ಸುವರ್ಣಾಗ ಕಳಸು. ಆಕಿನೂ ಅಪ್ಪನ ಕಡಿನ ಇದ್ಲು."

ಗಾನವಿ ಇಬ್ಬರ ಮುಖವನ್ನೂ ನೋಡಿ, ಅದನ್ನು ಸುವರ್ಣಾಗೆ ಕಳಿಸಿ, ಹಾಡಿನ ಪಟ್ಟಿಯಿಂದ ಮಾತ್ರ ತೆಗೆದಳು. ಇನ್ನೂರಾ ಹನ್ನೊಂದು ಹಾಡುಗಳು ಒಂದಾದ ಮೇಲೊಂದು ಪ್ಲೇಯರಿಗೆ ಹತ್ತಿದವು. ಬಿಚ್ಚಿ ಮತ್ತೆ ಹಚ್ಚಿ ನೋಡಿದರು. ಎಲ್ಲ ಇದ್ದಲ್ಲೇ ಇದ್ದವು. ಸೂಗಪ್ಪ ಆಗಲೇ ಕಿವಿಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಯಾವುದೋ ತತ್ವಪದಕ್ಕೆ ಅಪಶ್ರುತಿಯಲ್ಲಿ ದನಿ ಸೇರಿಸಿದರು.

"ನಾಕ ತಾಸು ಕುಂತು ಹಿಡದಿ ನೋಡು," ಎಂದು ಶಿವದೇವಿ ತಟ್ಟೆಯನ್ನು ಗಾನವಿಯ ಮುಂದೆ ಸರಿಸಿದರು. "ನಿಮ್ಮ ಆಫೀಸಿನವ್ರು ಭಾಳ ಪುಣ್ಯ ಮಾಡ್ಯಾರ ಬಿಡು."

ಗಾನವಿಗೆ ಹಸಿವಾಗಿತ್ತು. ಆರಿದ ರೊಟ್ಟಿ ಮುರಿದು ಎಣ್ಣೆಗಾಯಿಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ಖಾರ ನೆತ್ತಿಗೇರಿತು, ಆದರೂ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡಳು.