ಸಿಂಹದ ಮೊಣಕೈ

ಕೆಳದವಡೆಯ ಹಲ್ಲೊಂದು ಕೆಟ್ಟು, ನಾನು ತಮ್ಮನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಮೂರು ಸಲ ಬಾಯಿ ತೆರೆದು ಮಲಗಬೇಕಾಯಿತು. ಅವನು ಆಫ್ರಿಕಾಕ್ಕೆ ಹೋಗುವ ಸುದ್ದಿ ನನಗೆ ತಿಳಿದದ್ದು ಹಾಗೆ, ಬಾಯಿ ತುಂಬ ಹತ್ತಿ ತುರುಕಿಸಿಕೊಂಡಿದ್ದಾಗ.

"ಅಣ್ಣ, ಬಾಯಿ ಇನ್ನೂ ಅಗಲ ತೆಗಿ. ಹಾಂ, ಸಾಕು. ನಾವು ಸಫಾರಿಗೆ ಹೋಗ್ತಿದೀವಿ, ಗೊತ್ತಾ? ಆಫ್ರಿಕಾ! ಸಿಂಹ, ಆನೆ, ಜಿರಾಫೆ, ಎಲ್ಲಾ ಬಯಲಲ್ಲೇ. ಬೋನು ಗೀನು ಏನೂ ಇಲ್ಲ."

ನಾನು "ಆ" ಎಂದೆ. ಆ ಸ್ಥಿತಿಯಲ್ಲಿ ಯಾರೂ ಅದಕ್ಕಿಂತ ಹೆಚ್ಚು ಹೇಳಲಾರರು. ಅವನು ಅದನ್ನು ಸಂತೋಷ ಎಂದುಕೊಂಡ.

ಮೂವತ್ತನಾಲ್ಕು ವರ್ಷ ಮೃಗಾಲಯದಲ್ಲಿ ಸಿಂಹದ ಮನೆಯ ಕೆಲಸ ಮಾಡಿದವನು ನಾನು. ಓದು ಮೂರನೇ ಕ್ಲಾಸಿಗೇ ನಿಂತಿತ್ತು. ಅದೂ ಇದೂ ಮಾಡಿ ಹತ್ತೊಂಬತ್ತನೇ ವಯಸ್ಸಿಗೆ ಅಲ್ಲಿ ಸೇರಿದೆ. ಬೆಳಗ್ಗೆ ಬೋನಿನ ಸಿಮೆಂಟ್ ನೆಲ ತೊಳೆಯುವುದು, ಮಾಂಸ ಕತ್ತರಿಸಿ ಬಕೆಟ್ಟಿಗೆ ಹಾಕುವುದು, ತಿನ್ನದೆ ಬಿಟ್ಟದ್ದೆಷ್ಟು ಎಂದು ನೋಡುವುದು. ತಮ್ಮ ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಅವನಿಗೆ ಏಳು ವರ್ಷವಿದ್ದಾಗ ಒಂದು ಬುಧವಾರ ಸಿಂಹ ತೋರಿಸಲು ಕರೆದುಕೊಂಡು ಹೋಗಿದ್ದೆ. ಸಿಂಹ ಗರ್ಜಿಸಿದ್ದೂ ಅಲ್ಲ, ಬರೀ ಕೆಮ್ಮಿತು. ಇವನು ಹೆದರಿ ನನ್ನ ಬೆನ್ನೇರಿ, ಅಂಗಿ ಒದ್ದೆ ಮಾಡಿಬಿಟ್ಟ. ಅವತ್ತು ಅವನು ಹಾಕಿದ್ದು ಹಸಿರು ಚಡ್ಡಿ. ಈಗಿನ ದಂತವೈದ್ಯರಿಗೆ ಅದು ನೆನಪಿಲ್ಲ. ನನಗಿದೆ.

ನಾನು ಸೇರಿದ ವರ್ಷ ಅಲ್ಲಿ ಆಫ್ರಿಕಾದ ಕಾಡಿನಿಂದ ಹಿಡಿದು ತಂದಿದ್ದ ಒಂದು ಮುದಿ ಗಂಡು ಸಿಂಹವಿತ್ತು. ಅದರ ಮುಖವೋ, ಮಕ್ಕಳು ಗೀಚಿದ ಸ್ಲೇಟು. ಮೂಗಿನ ಮೇಲೆ ಗೀರು, ಕಿವಿ ಹರಿದಿತ್ತು, ಒಂದು ಕಣ್ಣಿನ ಕೆಳಗೆ ಚರ್ಮ ಕಿತ್ತು ಮತ್ತೆ ಕೂಡಿಕೊಂಡಿತ್ತು. ಸಂಜೆಯಾದರೆ ಬೋನಿನ ಒಂದೇ ಮೂಲೆಗೆ ಹೋಗಿ ಗಾಳಿ ಮೂಸುತ್ತಿತ್ತು. ಅದು ಬೆಳೆದ ಬಯಲು ಹೇಗಿರುತ್ತದೆ ಎಂದು ಒಂದು ಸಲ ಕಣ್ಣಾರೆ ನೋಡಬೇಕೆಂಬ ಆಸೆ ನನಗೆ ಹುಟ್ಟಿದ್ದು ಆಗ. ಹೆಂಡತಿ ಬದುಕಿದ್ದಾಗ ಅವಳಿಗೂ ಹೇಳಿರಲಿಲ್ಲ. ಕೇಳಿದ್ದರೆ ತಮ್ಮ ಕರೆಯುತ್ತಿದ್ದನೋ ಏನೋ. ಕೇಳುವುದು ನನಗೆ ಅಭ್ಯಾಸವಿಲ್ಲ.

ತಮ್ಮ ಹಲ್ಲು ಕೊರೆಯುತ್ತಲೇ ಮುಂದುವರಿಸಿದ. "ನಮ್ಮ ಮನೆಯವಳ ಸೊಂಟಕ್ಕೆ ಜೀಪು ಆಗಿಬರಲ್ಲ. ನಾನು, ಮಗಳು, ಅಳಿಯ ಹೊರಟಿದೀವಿ. ನಾಲ್ಕನೇ ಸೀಟಿಗೆ ನಮ್ಮ ದುರ್ಬೀನು ಬರ್ತಾನೆ."

ದುರ್ಬೀನು ಅಂದರೆ ತಮ್ಮನ ಜತೆ ಬೆಳಗ್ಗೆ ವಾಕಿಂಗ್ ಹೋಗುವ ಗೆಳೆಯ. ಕಾಗೆ ನೋಡಲಿಕ್ಕೂ ಕೊರಳಿಗೆ ದುರ್ಬೀನು ನೇತು ಹಾಕಿಕೊಂಡೇ ಹೊರಡುವ ಮನುಷ್ಯ.

"ದೊಡ್ಡಪ್ಪನ್ನ ಕರಿಯೋಣ ಅಂದ್ಲು ಮಗಳು. ನಾನೇ ಬೇಡ ಅಂದೆ. ನಿನಗೇನು ಹೊಸದು ಹೇಳು? ಜೀವಮಾನವಿಡೀ ಅದನ್ನೇ ನೋಡಿದೀಯ. ಬೇಜಾರಾಗುತ್ತೆ ನಿನಗೆ."

ಮತ್ತೆ "ಆ" ಎಂದೆ. ಹತ್ತಿ ತೆಗೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ ಮನೆಗೆ ಬಂದೆ. ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಿತ್ತು. ತಮ್ಮ ಡಾಕ್ಟರಾದಾಗ ಆಗದ ಉರಿ, ಅವನು ಮನೆ ಮೇಲೆ ಮನೆ ಕಟ್ಟಿಸಿದಾಗ ಆಗದ ಉರಿ. ಅವೆಲ್ಲ ಅವನಿಗೇ ಸೇರಿದ ವಿಷಯ. ಸಿಂಹ ಮಾತ್ರ ನನ್ನದಾಗಿತ್ತು.

ಎರಡನೇ ಸಲ ಹೋದಾಗ ಕಾಯುವ ಕೋಣೆಯ ಟೀಪಾಯಿ ತುಂಬ ಸಫಾರಿ ಕಂಪನಿಗಳ ಬಣ್ಣದ ಪುಸ್ತಕಗಳು. ತಮ್ಮನ ಮಗಳು ಫೋನು ಹಿಡಿದು ಕೂತಿದ್ದಳು. ಪಕ್ಕದಲ್ಲಿ ದುರ್ಬೀನು, ಕೊರಳಲ್ಲಿ ದುರ್ಬೀನಿನ ಸಮೇತ.

"ಬನ್ನಿ ದೊಡ್ಡಪ್ಪ, ಇಲ್ಲಿ ಕೂತ್ಕೊಳ್ಳಿ. ಒಂದು ಚೀಲಕ್ಕೆ ಹದಿನೈದೇ ಕೆಜಿ ಅಂತೆ, ಅದೂ ಮೆತ್ತನೆ ಚೀಲ. ಅಲ್ಲಿ ಬಯಲಿಗೆ ಹೋಗೋ ವಿಮಾನ ಅಷ್ಟು ಪುಟ್ಟದು. ಕಡುನೀಲಿ, ಕಪ್ಪು ಬಟ್ಟೆ ತರಬೇಡಿ ಅಂದಿದಾರೆ, ಒಂಥರಾ ನೊಣ ಮುತ್ತುತ್ತಂತೆ."

"ನಿಮ್ಮಪ್ಪನ ಹತ್ರ ಇರೋದೆಲ್ಲ ಕಡುನೀಲಿನೇ," ಎಂದ ದುರ್ಬೀನು. "ನೊಣಕ್ಕೆ ಹಬ್ಬ. ಏನ್ ಯಜಮಾನ್ರೇ, ಸಿಂಹಕ್ಕೆ ಏನಾದ್ರೂ ಹೇಳಿ ಕಳಿಸ್ತೀರಾ? ನಿಮ್ಮ ಹಳೇ ನೆಂಟರಲ್ವಾ?"

ನಗಬೇಕಿತ್ತು. ನಕ್ಕೆ.

ಎರಡು ಜಾಗಗಳ ನಡುವೆ ಅವರ ಜಗ್ಗಾಟ ನಡೆದಿತ್ತು. ಒಂದು, ನದಿ ದಂಡೆಯ ಡೇರೆಗಳು, ಸುತ್ತ ಬಯಲು, ಸಿಂಹ ಕಂಡರೂ ಕಂಡೀತು, ಇಲ್ಲದಿದ್ದರೂ ಇಲ್ಲ. ಇನ್ನೊಂದರಲ್ಲಿ ಸಿಂಹದ ಜತೆ ಬೆಳಗಿನ ನಡಿಗೆ, ಪಕ್ಕದಲ್ಲಿ ನಿಂತು ಫೋಟೋ. "ಅಷ್ಟು ದೂರ ಹೋಗಿ ಸಿಂಹದ ಬೆನ್ನ ಮೇಲೆ ಕೈಯಿಡದೆ ಬರೋದಾ?" ಎಂದು ದುರ್ಬೀನು ಪಟ್ಟು ಹಿಡಿದಿದ್ದ. "ಕಾಡು ಸಿಂಹನೇ ಅಂತ ಬರೆದಿದಾರಲ್ಲಪ್ಪ!"

ಕುರ್ಚಿಯಲ್ಲಿ ಮಲಗಿದ ಮೇಲೆ ತಮ್ಮ ದವಡೆಗೆ ಸೂಜಿ ಚುಚ್ಚಿ ಮರಗಟ್ಟಿಸಿದ. ಮರಗಟ್ಟುವ ತನಕ ಕಾಯಬೇಕಲ್ಲ, ದೀಪದ ಕೆಳಗೆ ಆ ಎರಡನೇ ಜಾಗದ ಪುಸ್ತಕ ಹಿಡಿದು ತೋರಿಸಿದ. "ನೋಡಣ್ಣ, ಎಂಥಾ ಗಂಡು!"

ನೋಡಿದೆ. ಮೂಗಿನ ಮೇಲೆ ಒಂದು ಗೀರಿಲ್ಲ. ಕಿವಿ ಎರಡೂ ಅಂಗಡಿಯಿಂದ ತಂದಂತಿದ್ದವು. ಒಂದು ಕೆನ್ನೆಯ ಕೇಸರ ಮಾತ್ರ ಸವೆದು ತೆಳುವಾಗಿತ್ತು, ದಿನಾ ಕಂಬಿಗೆ ಉಜ್ಜಿ ಉಜ್ಜಿ ಸವೆಯುವ ಹಾಗೆ. ಮೊಣಕೈಯಲ್ಲಿ ಕೂದಲು ಹೋಗಿ, ನನ್ನ ಹಿಮ್ಮಡಿಯಂಥ ಜಡ್ಡು. ಸಿಮೆಂಟಿನ ಮೇಲೆ ವರ್ಷಗಟ್ಟಲೆ ಮಲಗಿದರೆ ಮೊಣಕೈ ಹಾಗಾಗುತ್ತದೆ. ಸಿಂಹ ಫೋಟೋ ತೆಗೆಯುವವನನ್ನು ನೋಡುತ್ತಿರಲಿಲ್ಲ. ಅವನ ಪಕ್ಕಕ್ಕೆ, ಸೊಂಟದ ಎತ್ತರಕ್ಕೆ ನೋಡುತ್ತಿತ್ತು. ಬಕೆಟ್ ಬರುವ ಕಡೆಗೆ. ಆ ನೋಟವನ್ನು ಮೂವತ್ತನಾಲ್ಕು ವರ್ಷ ನೋಡಿದ್ದೇನೆ.

ಹೇಳಲು ಹೋದೆ. ನಾಲಿಗೆ ತುಂಡು ಮರದ ಹಾಗೆ ಬಿದ್ದಿತ್ತು. "ಸಿ... ಮೊ..." ಎಂದೆ.

"ಸುಮ್ನಿರಣ್ಣ, ನಾಲಿಗೆ ಕಚ್ಕೊಂಡೀಯ," ಎಂದು ತಮ್ಮ ನನ್ನ ಬಾಯಿಯೊಳಗೆ ಬೆರಳಿಟ್ಟ.

ಅಲ್ಲಿಯವರೆಗೆ ತಪ್ಪು ನನ್ನದಲ್ಲ. ಆದರೆ ಎರಡು ಗಂಟೆಯಲ್ಲಿ ನಾಲಿಗೆ ಮೊದಲಿನಂತಾಯಿತು. ಅವನ ಮನೆ ನನ್ನ ಮನೆಯಿಂದ ನಾಲ್ಕು ಬೀದಿ. ನಾನು ಹೋಗಲಿಲ್ಲ. ಹೋಗಲಿ ಬಿಡು ಎಂದುಕೊಂಡೆ. ಸಮುದ್ರ ದಾಟಿ ಹೋಗಿ, ನಾನು ದಿನಾ ಬೋನು ತೊಳೆಯುತ್ತಿದ್ದಂಥದೇ ಸಿಂಹವನ್ನು ನೋಡಿ ಬರಲಿ. ಅದು ಅವನಿಗೆ ಗೊತ್ತೂ ಆಗುವುದಿಲ್ಲ, ನನಗೆ ಗೊತ್ತಿರುತ್ತದೆ. ಇದನ್ನು ನೆನೆದು ಆರು ದಿನ ಖುಷಿಯಾಗಿದ್ದೆ. ನಾಚಿಕೆಯೂ ಆಗಲಿಲ್ಲ.

ಏಳನೇ ದಿನ ಬೇರೊಂದು ಕಣ್ಣಿಗೆ ಕಟ್ಟಿತು. ಸಿಂಹದ ಬೆನ್ನ ಮೇಲೆ ಕೈಯಿಟ್ಟ ತಮ್ಮನ ಫೋಟೋ, ಕ್ಲಿನಿಕ್ಕಿನ ಗೋಡೆಯಲ್ಲಿ, ಕಟ್ಟು ಹಾಕಿಸಿ. ಬಂದವರಿಗೆಲ್ಲ ಅವನು ಸಿಂಹದ ವಿಷಯ ಹೇಳುತ್ತಾನೆ. ಕೇಳುವವರ ನಡುವೆ ನಾನೂ ಕೂತಿರುತ್ತೇನೆ.

ಮೂರನೇ ಸಲ ಹಲ್ಲಿಗೆ ಟೊಪ್ಪಿ, ಅಂದರೆ ಕ್ಯಾಪು, ಕೂರಿಸುವ ದಿನ. ಮಗಳೂ ದುರ್ಬೀನೂ ಅಲ್ಲೇ ಇದ್ದರು. ಮಧ್ಯಾಹ್ನ ಟಿಕೆಟ್ಟು ಗಟ್ಟಿ ಮಾಡುವವರಿದ್ದರು. ತಮ್ಮ ಕೈಗವಸು ಹಾಕುವ ಮೊದಲೇ ಹೇಳಿದೆ. "ಆ ಎರಡನೇ ಜಾಗ ಬೇಡ. ಅದು ಬೋನಿನ ಸಿಂಹ. ಮೊಣಕೈ ನೋಡು."

"ಮೊಣಕೈನಾ?" ದುರ್ಬೀನು ಹೋ ಎಂದು ನಕ್ಕ. "ಸಿಂಹಕ್ಕೆ ಕೇಸರ ನೋಡ್ತಾರೆ, ಹಲ್ಲು ನೋಡ್ತಾರೆ. ಮೊಣಕೈ ನೋಡೋರನ್ನ ಇವತ್ತೇ ಕಂಡಿದ್ದು!"

ತಮ್ಮ ನಗಲಿಲ್ಲ. "ಅಣ್ಣ, ಹೋದ ವಾರ ಇದೇ ಫೋಟೋ ತೋರಿಸಿದ್ನಲ್ಲ. ಆಗ್ಯಾಕೆ ಹೇಳ್ಲಿಲ್ಲ?"

"ನಾಲಿಗೆ ಮರಗಟ್ಟಿತ್ತು."

"ಒಂದು ವಾರ ಮರಗಟ್ಟಿತ್ತಾ? ಹೊಟ್ಟೆಕಿಚ್ಚು ಅಂತ ನೇರವಾಗಿ ಹೇಳಬಾರ್ದಾ?"

ಅಷ್ಟು ವರ್ಷದಲ್ಲಿ ಅವನು ನನಗೆ ಹಾಗೆ ಅಂದದ್ದು ಅದೇ ಮೊದಲು. ಅಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

"ಹೊಟ್ಟೆಕಿಚ್ಚೂ ಹೌದು," ಎಂದೆ. "ಮೊಣಕೈ ಜಡ್ಡೂ ಹೌದು."

ಮಗಳು ಫೋಟೋವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದಳು. ಆಮೇಲೆ ಆ ಜಾಗದವರಿಗೇ ಫೋನು ಹಚ್ಚಿದಳು. ಏನು ಕೇಳಲಿ ಎಂಬಂತೆ ನನ್ನತ್ತ ತಿರುಗಿದಳು. "ಸಿಂಹಕ್ಕೆ ಊಟ ಎಷ್ಟೊತ್ತಿಗೆ ಹಾಕ್ತಾರೆ ಕೇಳಮ್ಮ," ಎಂದೆ. ಅವಳು ಇಂಗ್ಲಿಷಿನಲ್ಲಿ ಕೇಳಿ, ಫೋನು ಕೆಳಗಿಟ್ಟಳು.

"ಬೆಳಗ್ಗೆ ಒಂಬತ್ತಕ್ಕಂತೆ. ಬೇಕಾದ್ರೆ ನಾವೇ ಕೈಯಾರೆ ಹಾಕಬಹುದಂತೆ."

ದುರ್ಬೀನು ದುರ್ಬೀನಿನ ಗಾಜು ಒರೆಸತೊಡಗಿದ. ಅಲ್ಲೇ ನದಿ ದಂಡೆಯ ಡೇರೆಗಳನ್ನು ಗೊತ್ತು ಮಾಡಿದರು. ಮಗಳು ಗಟ್ಟಿಯಾಗಿ ಓದಿದಳು: ಸುತ್ತ ಬೇಲಿಯಿಲ್ಲ, ಬೆಳಗಿನ ಜಾವ ಸಿಂಹದ ದನಿ ಡೇರೆಯೊಳಕ್ಕೇ ಕೇಳುತ್ತದೆ, ಆ ತಿಂಗಳು ಹಿಂಡು ಹಿಂಡು ಪ್ರಾಣಿಗಳು ನದಿ ದಾಟುತ್ತವೆ. ತಮ್ಮನ ಮುಖ ಅರಳುತ್ತಾ ಹೋಯಿತು. ಅವನಿಗೆ ಸುಳ್ಳು ಸಿಂಹ ಸಿಗುವುದಿತ್ತು. ನಿಜದ್ದನ್ನು ನಾನೇ ಕೈಹಿಡಿದು ಕೊಡಿಸಿದ್ದೆ. ನಾಲ್ಕನೇ ಸೀಟು ದುರ್ಬೀನಿನದ್ದಾಗಿಯೇ ಉಳಿಯಿತು. ನನ್ನನ್ನು ಕರೆಯುವುದು ಯಾರಿಗೂ ಹೊಳೆಯಲಿಲ್ಲ. ಮಗಳಿಗೆ ಹೊಳೆದಿರಬೇಕು, ಅವಳು ತಲೆ ತಗ್ಗಿಸಿಕೊಂಡಳು.

ಟೊಪ್ಪಿ ಕೂರಿಸಿ, ಕಚ್ಚಿಸಿ ನೋಡಿ, ತಮ್ಮ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತ. "ಅಣ್ಣ, ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡ."

"ಇಟ್ಕೊಂಡಿಲ್ಲ."

"ಅಲ್ಲಿ ಏನೇನು ನೋಡ್ಬೇಕು ಹೇಳು, ಬರ್ಕೋತೀನಿ. ಸುಮ್ನೆ ಜೀಪಲ್ಲಿ ಕೂತು ಬಂದ್ರೆ ಏನು ಬಂತು." ಔಷಧಿ ಚೀಟಿಯ ಪುಸ್ತಕ ತೆಗೆದು ಕಾದ.

ಹೇಳಿದೆ. ಹೆಣ್ಣುಗಳು ಹೊಂಚು ಹಾಕಿದರೆ ಬಾಲ ಹೇಗಿರುತ್ತದೆ, ಮರಿಗಳನ್ನು ಎಲ್ಲಿ ಅಡಗಿಸುತ್ತವೆ, ಹೊಟ್ಟೆ ತುಂಬಿದ ಸಿಂಹವನ್ನೂ ಹಸಿದದ್ದನ್ನೂ ಅದರ ಕಿವಿ ನೋಡಿ ಗುರುತಿಸುವುದು ಹೇಗೆ. ಅವನು ತಿದ್ದಿ ತಿದ್ದಿ ಬರೆದುಕೊಂಡ. ಹಾಳೆಯ ಎರಡೂ ಮಗ್ಗುಲು ತುಂಬಿದವು.

ಒಂದನ್ನು ಹೇಳಲಿಲ್ಲ. ಗರ್ಜನೆಗೆ ಮೊದಲು, ದನಿ ಇನ್ನೂ ಹೊರಡದಿರುವಾಗ, ಸಿಂಹದ ಪಕ್ಕೆ ಎರಡೂ ಕಡೆ ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದು ಉಸಿರೆಳೆಯುವಷ್ಟೇ ಹೊತ್ತು. ಅದನ್ನು ಬಲ್ಲವನು ದನಿಗೆ ಮೊದಲೇ ಎದೆ ಗಟ್ಟಿ ಮಾಡಿಕೊಂಡು ಕಾಯಬಲ್ಲ, ಅರಿಯದವನು ಬೆಚ್ಚಿಬೀಳುತ್ತಾನೆ.

"ಇಷ್ಟೇನಾ? ಇನ್ನೇನೂ ಇಲ್ವಾ?" ಎಂದ ತಮ್ಮ, ಪೆನ್ನು ಎತ್ತಿ ಹಿಡಿದು.

"ಅಷ್ಟೇ," ಎಂದು ಕುರ್ಚಿಯಿಂದ ಇಳಿದೆ.